ನಾಲ್ಕು ಸಲ ಕೈಕೊಟ್ಟ ವಾಲ್ಯೂಮ್ ಕಾಪಿ: ಒಂದು ಸ್ಟುಡಿಯೋ ಸರ್ವರ್ ರಿಪೇರಿ

ಹಾಸನದಲ್ಲಿ ಪರಿಚಯದವರ ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋ, ವಿಡಿಯೋ ಎಲ್ಲ ಒಂದೇ ಲಿನಕ್ಸ್ ಸರ್ವರ್‌ನಲ್ಲಿ ಕೂತಿದೆ. ಅದನ್ನು ಜೋಡಿಸಿಕೊಟ್ಟವನು ನಾನೇ. ಹಳೆಯ ಡಿಸ್ಕ್‌ನಿಂದ ಹೊಸದಕ್ಕೆ ವಾಲ್ಯೂಮ್ (ಡಿಸ್ಕ್ ಜಾಗದಲ್ಲಿ ಬೇರೆ ಮಾಡಿಟ್ಟ ಭಾಗ) ಕಾಪಿ ಮಾಡೋದು ಒಂದು ರಾತ್ರಿಯ ಕೆಲಸ ಅಂದುಕೊಂಡು ಹೋದವನು ಐದು ದಿನ ಅಲ್ಲೇ ಇದ್ದೆ. ಮಾಡಿದ್ದನ್ನು ಮಾಡಿದ ಹಾಗೇ ಬರೆದಿಟ್ಟಿದ್ದೇನೆ, ಪೆದ್ದುತನವನ್ನೂ ಸೇರಿಸಿ.

ನವೆಂಬರ್ 14, 2025, ಶುಕ್ರವಾರ ಸಂಜೆ: ಮೊದಲು ಇದ್ದ ಸ್ಥಿತಿ

ಆಪರೇಟಿಂಗ್ ಸಿಸ್ಟಂ ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿದೆ. ಡೇಟಾಕ್ಕೆ 2 ಟಿಬಿಯ ಎರಡು ಡಿಸ್ಕ್, ರೇಡ್ 1 ಮಿರರ್, ಅಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತೆ. ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ), ಅದರಲ್ಲಿ ‘ಫೋಟೋ’ ಅನ್ನೋ ಒಂದೇ ವಾಲ್ಯೂಮ್. ವಾಲ್ಯೂಮ್ ವಿವರ ತೋರಿಸುವ ‘ಎಲ್‌ವಿಎಸ್’ ಕಮಾಂಡ್ ಕೊಟ್ಟರೆ 1.70 ಟಿಬಿ ಅಂತ ತೋರಿಸುತ್ತದೆ. ಒಳಗೆ ಎಕ್ಸ್ಟ್4 ಫೈಲ್ ಸಿಸ್ಟಂ. ಜಾಗ ತುಂಬುತ್ತಾ ಬಂದಿತ್ತು. ಅದಕ್ಕೇ 4 ಟಿಬಿಯ ಎರಡು ಡಿಸ್ಕ್ ತರಿಸಿದ್ದರು, ಎರಡಕ್ಕೂ ಸೇರಿ 21,400 ರೂಪಾಯಿ.

ಕೇಸ್ ಬಿಚ್ಚುವ ಮೊದಲು ರೇಡ್ ಸ್ಥಿತಿ ನೋಡಿದೆ. ಎರಡು ‘ಯು’ ಇರಬೇಕಾದ ಕಡೆ ಒಂದು ‘ಯು’, ಪಕ್ಕದಲ್ಲಿ ಒಂದು ಅಡಿಗೆರೆ. ಅಂದರೆ ಮಿರರ್‌ನ ಒಂದು ಕಾಲು ಮುರಿದಿದೆ. ಲಾಗ್ ಕೆದಕಿದರೆ ಏಪ್ರಿಲ್‌ನಲ್ಲೇ ಒಂದು ಡಿಸ್ಕ್ ಹೊರಗೆ ಬಿದ್ದಿದೆ. ಏಳು ತಿಂಗಳಿಂದ ಇಡೀ ಸ್ಟುಡಿಯೋ ಒಂಟಿ ಡಿಸ್ಕ್ ಮೇಲೆ ನಡೀತಿತ್ತು. ಸಿಸ್ಟಂ ಎಚ್ಚರಿಕೆಯ ಮೇಲ್ ಕಳಿಸಿತ್ತು, ಆದರೆ ಅದು ಹೋಗಿದ್ದು ಆ ಯಂತ್ರದ್ದೇ ರೂಟ್ ಅಂಚೆಪೆಟ್ಟಿಗೆಗೆ. ಅದನ್ನು ಯಾರು ತೆಗೆದು ನೋಡ್ತಾರೆ? ಈ ತಪ್ಪು ಪೂರ್ತಿ ನನ್ನದು.

ಹೊರಗೆ ಬಿದ್ದ ಡಿಸ್ಕ್ ಸತ್ತಿದೆ ಅಂತ ತೀರ್ಮಾನ ಮಾಡಿ, ಬಿಚ್ಚಿ, ಪೇಪರ್‌ನಲ್ಲಿ ಸುತ್ತಿ ಆಲ್ಬಂ ಇಡುವ ಶೆಲ್ಫ್ ಮೇಲಿಟ್ಟೆ. ಅದರ ಸಾಟಾ ಕೇಬಲ್ ಅನ್ನೇ ಹೊಸ ಡಿಸ್ಕ್ ಒಂದಕ್ಕೆ ಹಾಕಿದೆ. ಈ ಎರಡು ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹೊಸ ಎರಡು ಡಿಸ್ಕ್ ಸೇರಿಸಿ ಇನ್ನೊಂದು ರೇಡ್ 1, ಅದರ ಮೇಲೆ ಹೊಸ ವಾಲ್ಯೂಮ್ ಗ್ರೂಪ್ (ವಾಲ್ಯೂಮ್‌ಗಳಿಗೆ ಜಾಗ ಕೊಡುವ ಒಟ್ಟು ಸಂಗ್ರಹ). ಅದರಲ್ಲಿ 1.70 ಟಿಬಿ ಅಂತಲೇ ಬರೆದು ಒಂದು ವಾಲ್ಯೂಮ್ ಮಾಡಿದೆ.

ಆರ್‌ಸಿಂಕ್‌ನಲ್ಲಿ ಫೈಲ್ ಫೈಲಾಗಿ ಕಾಪಿ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇದರಲ್ಲಿ ಲಕ್ಷಗಟ್ಟಲೆ ಥಂಬ್‌ನೇಲ್, ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಹಲವು ಹೆಸರು) ತುಂಬಿದ ಬ್ಯಾಕಪ್ ಫೋಲ್ಡರ್‌ಗಳು ಇವೆ. ವಾಲ್ಯೂಮ್ ಪೂರ್ತಿ ಎತ್ತಿ ಇಡೋದು ಬೇಗ ಆಗುತ್ತೆ ಅನ್ನಿಸಿತು. ಬೇಗ ಆಗಿದ್ದನ್ನು ಮುಂದೆ ಓದಿ.

ಅದೇ ರಾತ್ರಿ 8:10: ಮೊದಲ ಯತ್ನ

ಸ್ಟುಡಿಯೋ ಕೆಲಸ ನಿಲ್ಲಬಾರದು ಅಂತ ‘ಫೋಟೋ’ದ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ನೋಟ) ತೆಗೆದು, ಅದರಿಂದ ತುಂಡು ತುಂಡಾಗಿ ನಕಲು ಮಾಡುವ ‘ಡಿಡಿ’ ಕಮಾಂಡ್‌ನಲ್ಲಿ ಕಾಪಿ ಶುರು ಮಾಡಿದೆ. ಬ್ಲಾಕ್ ಅಳತೆ 4 ಎಂಬಿ. ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ 20 ಜಿಬಿ. ಹಳೆಯ ಗ್ರೂಪ್‌ನಲ್ಲಿ 120 ಜಿಬಿ ಖಾಲಿ ಇತ್ತು. ಆದರೂ ಯಾಕೆ 20 ಕೊಟ್ಟೆ? ಕೈಗೆ ಬಂದ ಸಂಖ್ಯೆ ಅದು, ಅಷ್ಟೇ.

ವೇಗ ಸೆಕೆಂಡಿಗೆ 45 ಎಂಬಿ. ಹೊಸ ರೇಡ್ ಹಿಂದೆಯೇ ಮೊದಲ ಸಿಂಕ್ ಮಾಡಿಕೊಳ್ಳುತ್ತಿತ್ತು, ಹಾಗಾಗಿ ನಿಧಾನ. ಅದು ಮುಗಿಯುವವರೆಗೆ ಕಾದಿದ್ದರೆ ಸರಿಯಿತ್ತು.

11:40ಕ್ಕೆ, 30 ಪರ್ಸೆಂಟ್ ಹತ್ತಿರ, ‘ಡಿಡಿ’ ನಿಂತಿತು. ‘ಇನ್‌ಪುಟ್/ಔಟ್‌ಪುಟ್ ಎರರ್.’

ಎದೆ ಧಸಕ್ ಅಂತು. ಒಂಟಿ ಡಿಸ್ಕೂ ಹೋಯ್ತಾ? ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ನೋಡಿದೆ. ಡಿಸ್ಕ್ ಬಗ್ಗೆ ಒಂದು ಮಾತೂ ಇಲ್ಲ. ಸ್ನ್ಯಾಪ್‌ಶಾಟ್‌ನಲ್ಲಿ ಜಾಗ ಹಂಚಲು ಆಗಲಿಲ್ಲ, ಅದಕ್ಕೆ ಅದನ್ನು ರದ್ದು ಮಾಡಿದ್ದೇನೆ ಅಂತ ಎಲ್‌ವಿಎಂನ ಕೆಳಗೆ ಕೆಲಸ ಮಾಡುವ ಡಿವೈಸ್ ಮ್ಯಾಪರ್ ಹೇಳಿತ್ತು. ‘ಎಲ್‌ವಿಎಸ್’ ಕೂಡ 100 ಪರ್ಸೆಂಟ್ ತೋರಿಸ್ತು.

ತುಂಬಿಸಿದ್ದು ಯಾರು ಅಂತ ಆಮೇಲೆ ಗೊತ್ತಾಯಿತು. ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ರಾತ್ರಿ ಹತ್ತರ ಮೇಲೆ 64 ಜಿಬಿಯ ಮೆಮೊರಿ ಕಾರ್ಡ್ ಖಾಲಿ ಮಾಡಿದ್ದ. "ಸಾರ್, ಖಾಲಿ ಜಾಗಕ್ಕೆ ತಾನೆ ಹಾಕಿದ್ದು, ಹಳೇದನ್ನೇನೂ ಮುಟ್ಟಿಲ್ಲ" ಅಂದ. ಅವನ ಲೆಕ್ಕ ಸರಿ. ಆದರೆ ಸ್ನ್ಯಾಪ್‌ಶಾಟ್‌ಗೆ ಯಾವುದು ಖಾಲಿ, ಯಾವುದು ಭರ್ತಿ ಅನ್ನೋದೇ ಗೊತ್ತಿಲ್ಲ. ಅದು ಇರೋದು ಫೈಲ್ ಸಿಸ್ಟಂನ ಕೆಳಗೆ. ಯಾವ ಜಾಗದ ಮೇಲೆ ಮೊದಲ ಸಲ ಬರೆದರೂ ಅಲ್ಲಿದ್ದ ಹಳೆಯದನ್ನು, ಅದು ಕಸವಾಗಿದ್ದರೂ, ಎತ್ತಿಟ್ಟುಕೊಳ್ಳುತ್ತದೆ. 64 ಜಿಬಿ ಬರೆದರೆ 64 ಜಿಬಿ ಎತ್ತಿಡಬೇಕು. 20 ಜಿಬಿಗೆ ಅದು ಉಸಿರು ಬಿಟ್ಟಿದೆ.

ನಾನು ಓನರ್‌ಗೆ ಹೇಳಿದ್ದೆ, ಹುಡುಗನಿಗೆ ಹೇಳಿರಲಿಲ್ಲ.

ನವೆಂಬರ್ 15, ಶನಿವಾರ ರಾತ್ರಿ: ಎರಡನೆಯದು, ಮೂರನೆಯದು

ಹೊಸ ರೇಡ್ ಸಿಂಕ್ ಮುಗಿದಿತ್ತು. ಸ್ಟುಡಿಯೋ ಬಾಗಿಲು ಹಾಕಿದ ಮೇಲೆ 9:15ಕ್ಕೆ ಮತ್ತೆ ಶುರು. ಈ ಸಲ ಸ್ನ್ಯಾಪ್‌ಶಾಟ್‌ಗೆ 100 ಜಿಬಿ. ವೇಗ ಸರಾಸರಿ 110 ಎಂಬಿ. ನೆಮ್ಮದಿಯಾಗಿ ಹೋಟೆಲ್‌ಗೆ ಹೋಗಿ ಊಟ ಮಾಡಿ ಬಂದೆ.

12:08ಕ್ಕೆ ಮತ್ತೆ ಅದೇ ಸಾಲು. ‘ಇನ್‌ಪುಟ್/ಔಟ್‌ಪುಟ್ ಎರರ್.’

ಇಲ್ಲಿ ನಾನು ಮಾಡಿದ್ದು ಈ ಐದು ದಿನದ ದೊಡ್ಡ ತಪ್ಪು. ನಿನ್ನೆಯ ಸಾಲೇ ಬಂದಿದೆ, ನಿನ್ನೆಯ ಕಾರಣವೇ ಇರಬೇಕು ಅಂದುಕೊಂಡೆ. ‘ಎಲ್‌ವಿಎಸ್’ ನೋಡಲಿಲ್ಲ. ಕರ್ನಲ್ ಲಾಗ್ ನೋಡಲಿಲ್ಲ. ‘ಈ ಸ್ನ್ಯಾಪ್‌ಶಾಟ್ ಸಹವಾಸವೇ ಬೇಡ’ ಅಂತ ಅದನ್ನು ಅಳಿಸಿ, ‘ಫೋಟೋ’ವನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ನೇರವಾಗಿ ಮೂಲದಿಂದಲೇ ಕಾಪಿ ಹಚ್ಚಿ ಸೋಫಾ ಮೇಲೆ ಮಲಗಿದೆ. ಸ್ನ್ಯಾಪ್‌ಶಾಟ್ ಅಳಿಸಿದ್ದರಿಂದ ಅದು ಎಷ್ಟು ತುಂಬಿತ್ತು ಅನ್ನೋ ಸಾಕ್ಷಿಯೂ ಹೋಯಿತು.

ಮೂರು ಗಂಟೆಗೆ ಎಚ್ಚರವಾಗಿ ನೋಡಿದರೆ ನಿಂತಿದೆ. ಮತ್ತೆ ಅದೇ ಎರರ್.

ಅರೆನಿದ್ದೆಯಲ್ಲೂ ಒಂದು ವಿಷಯ ಕಣ್ಣಿಗೆ ಬಿತ್ತು. ‘ಡಿಡಿ’ ನಿಲ್ಲುವಾಗ ಎಷ್ಟು ತುಂಡು ಓದಿದೆ ಅಂತ ಹೇಳುತ್ತದೆ. ಟರ್ಮಿನಲ್‌ನಲ್ಲಿ ಮೇಲೆ ಸ್ಕ್ರೋಲ್ ಮಾಡಿದೆ. ಎರಡನೆಯ ಯತ್ನ: 2,72,486. ಮೂರನೆಯ ಯತ್ನ: 2,72,486. ಜಾಗ ತುಂಬಿ ನಿಲ್ಲುವ ಕೆಲಸ ಎರಡು ಸಲ ಒಂದೇ ತುಂಡಿನ ಮೇಲೆ ನಿಲ್ಲೋದಿಲ್ಲ, ಅಲ್ವಾ? ಇದು ಡಿಸ್ಕ್ ಮೇಲಿನ ಒಂದು ಜಾಗ.

ಆಗ ಕರ್ನಲ್ ಲಾಗ್ ತೆಗೆದೆ. ತುಂಬಿ ಹರೀತಿತ್ತು. ಓದಲಾಗದ ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಂಡು), ಲಿಂಕ್ ರೀಸೆಟ್ (ಡಿಸ್ಕ್ ಸಂಪರ್ಕ ಕಡಿದು ಮತ್ತೆ ಶುರು), ಮತ್ತೆ ಓದಲಾಗದ ಸೆಕ್ಟರ್. 12:08ರ ಸಾಲುಗಳೂ ಅಲ್ಲೇ ಇದ್ದವು. ಆಗಲೇ ನೋಡಿದ್ದರೆ ಮೂರು ಗಂಟೆ ಉಳೀತಿತ್ತು. ಅದಕ್ಕಿಂತ ಮುಖ್ಯ, ನರಳುತ್ತಿರುವ ಒಂಟಿ ಡಿಸ್ಕನ್ನು ಮತ್ತೊಂದು ಸುತ್ತು ಓಡಿಸುವುದು ತಪ್ಪುತ್ತಿತ್ತು.

ನವೆಂಬರ್ 16, ಭಾನುವಾರ: ನಾಲ್ಕನೆಯ ಯತ್ನ

ಬೆಳಗಿನ ಐದಕ್ಕೇ ಸ್ಟುಡಿಯೋದವರೆಲ್ಲ ಮುಹೂರ್ತಕ್ಕೆ ಕಲ್ಯಾಣ ಮಂಟಪಕ್ಕೆ ಹೋಗಿದ್ದರು. ಸರ್ವರ್ ಮತ್ತು ನಾನು ಮಾತ್ರ.

‘ಸ್ಮಾರ್ಟ್‌ಸಿಟಿಎಲ್’ ಕೊಟ್ಟೆ. ಅದು ಡಿಸ್ಕ್‌ನ ಆರೋಗ್ಯದ ಲೆಕ್ಕ ತೋರಿಸುವ ಕಮಾಂಡ್. ನೋಡಬೇಕಾದ ಸಾಲು ಎರಡು. 5ನೇ ನಂಬರಿನದು, ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು: 0. 197ನೇ ನಂಬರಿನದು, ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು: 24. ಈ ಡಿಸ್ಕ್ ಹೊರಗೆ 512 ಬೈಟಿನ ಸೆಕ್ಟರ್ ತೋರಿಸಿದರೂ ಒಳಗೆ ಬರೆಯೋದು 4,096 ಬೈಟಿನ ತುಂಡುಗಳಲ್ಲಿ. ಅಂದರೆ 24 ಅನ್ನೋದು ನಿಜದಲ್ಲಿ ಮೂರೇ ಮೂರು ಜಾಗ, 12 ಕೆಬಿ. 1.87 ಲಕ್ಷ ಕೋಟಿ ಬೈಟ್‌ನಲ್ಲಿ (‘ಎಲ್‌ವಿಎಸ್’ 1,024ರ ಲೆಕ್ಕದಲ್ಲಿ 1.70 ಟಿಬಿ ಅನ್ನೋದು ಇದನ್ನೇ) 12 ಸಾವಿರ ಹಾಳಾಗಿದೆ. ಸ್ವಲ್ಪ ಧೈರ್ಯ ಬಂತು.

ಆ ಧೈರ್ಯದಲ್ಲೇ ಮುಂದಿನ ತಪ್ಪು. ‘ಡಿಡಿ’ಗೆ ಎರರ್ ಬಂದರೂ ನಿಲ್ಲಬೇಡ, ಓದಲಾಗದ ಕಡೆ ಸೊನ್ನೆ ತುಂಬು ಅನ್ನೋ ಎರಡು ಆಯ್ಕೆ ಇದೆ. ಹಾಕಿದೆ. ಬ್ಲಾಕ್ ಅಳತೆ ಮಾತ್ರ 4 ಎಂಬಿಯೇ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಒಂದು 4 ಕೆಬಿ ಓದಲಾಗದಿದ್ದಾಗ, ಅಲ್ಲಿಂದ ಆ 4 ಎಂಬಿ ತುಂಡಿನ ಕೊನೆಯವರೆಗೂ ಸೊನ್ನೆ ಬೀಳುತ್ತೆ. ಚೆನ್ನಾಗಿರುವ ಡೇಟಾವನ್ನೂ ನಾನೇ ಅಳಿಸಿದ ಹಾಗಾಯ್ತು. ಇದು ಹೊಳೆದದ್ದು ಕಾಪಿ ಅರ್ಧ ದಾಟಿದ ಮೇಲೆ. ಮುಗೀಲಿ ನೋಡೋಣ ಅಂತ ಬಿಟ್ಟೆ.

ಮಧ್ಯಾಹ್ನ 2:30ಕ್ಕೆ ಕೊನೆ ಮುಟ್ಟಿತು. ಕೊನೆಯ ಸಾಲು: ‘ಡಿವೈಸ್‌ನಲ್ಲಿ ಜಾಗ ಇಲ್ಲ.’

4 ಟಿಬಿಯ ಡಿಸ್ಕ್‌ನಲ್ಲಿ ಜಾಗ ಇಲ್ಲವಾ! ಕಾಪಿಯ ಮೇಲೆ, ಫೈಲ್ ಸಿಸ್ಟಂ ತಪಾಸಣೆ ಮಾಡುವ ‘ಇ2ಎಫ್‌ಎಸ್‌ಸಿಕೆ’ಯನ್ನು ಏನೂ ಬದಲಿಸದೆ ಬರೀ ನೋಡುವಂತೆ ಓಡಿಸಿದೆ. ಫೈಲ್ ಸಿಸ್ಟಂ ಪ್ರಕಾರ 4 ಕೆಬಿಯ 45,67,04,000 ಬ್ಲಾಕ್ ಇರಬೇಕು, ವಾಲ್ಯೂಮ್‌ನಲ್ಲಿ ಇರೋದು 45,63,40,480 ಅಂತು.

ಪೆನ್ನು ಪೇಪರ್ ಹಿಡಿದೆ. ಹಳೆಯ ವಾಲ್ಯೂಮ್ ಅನ್ನು ಹಿಂದೆ ಮಾಡುವಾಗ ನಾನು ಅಳತೆಯನ್ನು ಟಿಬಿಯಲ್ಲಿ ಕೊಟ್ಟಿರಲಿಲ್ಲ, ಎಕ್ಸ್‌ಟೆಂಟ್ (ಎಲ್‌ವಿಎಂ ಜಾಗ ಹಂಚುವ ತುಂಡು) ಲೆಕ್ಕದಲ್ಲಿ ದುಂಡಗೆ 4,46,000 ಅಂತ ಕೊಟ್ಟಿದ್ದೆ. ಒಂದು ಎಕ್ಸ್‌ಟೆಂಟ್ 4 ಎಂಬಿ. ಅದು 1.7013 ಟಿಬಿ ಆಗುತ್ತೆ, ತೋರಿಸೋದು 1.70 ಅಂತ. ಶುಕ್ರವಾರ ಪರದೆ ಮೇಲಿನ ಆ 1.70 ನೋಡಿ ಅದನ್ನೇ ಟೈಪ್ ಮಾಡಿದೆ. ಸಿಕ್ಕಿದ್ದು 4,45,645 ಎಕ್ಸ್‌ಟೆಂಟ್. 355 ಕಮ್ಮಿ, ಅಂದರೆ 1,420 ಎಂಬಿ ಕಮ್ಮಿ. ಶುಕ್ರವಾರ ಏನೂ ಅಡ್ಡಿ ಬರದೆ ಕಾಪಿ ಓಡಿದ್ದರೂ ಇಲ್ಲೇ ಬಂದು ಮುಗ್ಗರಿಸುತ್ತಿತ್ತು.

ಸಂಜೆ ಮಂಟಪದಿಂದ ಬಂದ ಓನರ್ ಬಾಳೆಎಲೆಯಲ್ಲಿ ಕಟ್ಟಿಸಿಕೊಂಡು ಬಂದ ಒಬ್ಬಟ್ಟು ಮುಂದಿಟ್ಟು, "ಅಲ್ಲಪ್ಪಾ, ಕಾಪಿ ಅಂದ್ರೆ ಕಾಪಿ ತಾನೆ, ಮೂರು ದಿನ ಹಿಡಿಯುತ್ತಾ?" ಅಂದರು. ಒಬ್ಬಟ್ಟು ತಿಂದೆ. ಉತ್ತರ ಇರಲಿಲ್ಲ.

ನವೆಂಬರ್ 17, ಸೋಮವಾರ: ಐದನೆಯ ಯತ್ನ

ಸ್ಟುಡಿಯೋದವರು ಅವತ್ತು ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ಕೆಲಸ ಮಾಡಿಕೊಂಡರು. ‘ಫೋಟೋ’ ಪೂರ್ತಿ ಅನ್‌ಮೌಂಟ್.

ಮೊದಲು ಹೊಸ ವಾಲ್ಯೂಮ್‌ಗೆ 355 ಎಕ್ಸ್‌ಟೆಂಟ್ ಸೇರಿಸಿದೆ. ಎರಡೂ ಕಡೆ ಬೈಟ್ ಲೆಕ್ಕ ತೆಗೆಸಿ ಒಂದರ ಕೆಳಗೊಂದು ಬರೆದು ಹೋಲಿಸಿದೆ.

ಎರಡನೆಯದು, ಕಾಯುವ ಸಮಯ. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್‌ಗಳು ಕೆಟ್ಟ ಸೆಕ್ಟರ್ ಸಿಕ್ಕರೆ ಬಿಡದೆ ನಿಮಿಷಗಟ್ಟಲೆ ಒದ್ದಾಡಬಹುದು. ಕರ್ನಲ್ 30 ಸೆಕೆಂಡಿಗೆ ತಾಳ್ಮೆ ಕಳೆದುಕೊಂಡು ಲಿಂಕ್ ರೀಸೆಟ್ ಮಾಡುತ್ತೆ. ಆ ಡಿಸ್ಕ್‌ಗೆ ಮಾತ್ರ ಅದನ್ನು 180 ಸೆಕೆಂಡ್ ಮಾಡಿದೆ.

ಮೂರನೆಯದು, ‘ಡಿಡಿ’ಗೆ ನಮಸ್ಕಾರ ಹೇಳಿ ‘ಡಿಡಿರೆಸ್ಕ್ಯೂ’ ಹಾಕಿಕೊಂಡೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅನ್ನೋದನ್ನೆಲ್ಲ ಇದು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತೆ. ಮಧ್ಯೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಆ ಫೈಲನ್ನು ಎಸ್‌ಎಸ್‌ಡಿ ಮೇಲಿಟ್ಟೆ. ಬರೆಯಬೇಕಾದ ಕಡೆ ಫೈಲ್ ಇಲ್ಲದೆ ಡಿವೈಸ್ ಇದ್ದರೆ ಬಲವಂತದ ಆಯ್ಕೆ ಕೊಡಲೇಬೇಕು, ಇಲ್ಲದಿದ್ದರೆ ಒಪ್ಪೋದಿಲ್ಲ. ಅದನ್ನು ಕೊಟ್ಟ ಮೇಲೆ ಮೂಲ, ಗುರಿ ಹಿಂದುಮುಂದಾದರೆ ಎಲ್ಲ ಮುಗೀತು. ಎಂಟರ್ ಒತ್ತುವ ಮೊದಲು ಆ ಸಾಲನ್ನು ಹುಡುಗನಿಂದ ಜೋರಾಗಿ ಓದಿಸಿದೆ.

ಮೊದಲ ಸುತ್ತು, ಕೆಟ್ಟ ಕಡೆ ಕೆರೆಯದೆ ಮುಂದೆ ಹೋಗು ಅಂತ. ಬೆಳಿಗ್ಗೆ ಹತ್ತಕ್ಕೆ ಹಚ್ಚಿದೆ.

ಅರ್ಧ ಗಂಟೆಗೆ ಲಾಗ್‌ನಲ್ಲಿ ಮತ್ತೆ ಲಿಂಕ್ ರೀಸೆಟ್. ಈ ಸಲ ಹಳೆಯ ಡಿಸ್ಕ್ ಅಲ್ಲ, ಹೊಸದು! ನಿಲ್ಲಿಸಿದೆ. ಮತ್ತೆ ಓಡಿಸುವ ಮೊದಲು ‘ಸ್ಮಾರ್ಟ್‌ಸಿಟಿಎಲ್’ ಕೊಟ್ಟೆ. ಹೊಸ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ 0. 199ನೇ ನಂಬರ್ ಮಾತ್ರ 37. ಅದು ಡಿಸ್ಕ್‌ನ ಕಾಯಿಲೆಯಲ್ಲ, ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ದಾರಿಯಲ್ಲಿ ಡೇಟಾ ಕೆಡುತ್ತಿದೆ ಅನ್ನೋ ಲೆಕ್ಕ. ಸಾಮಾನ್ಯವಾಗಿ ಕೇಬಲ್.

ಯಾವ ಕೇಬಲ್? ಶೆಲ್ಫ್ ಮೇಲೆ ಪೇಪರ್ ಸುತ್ತಿ ಕೂತಿದ್ದ ಡಿಸ್ಕ್‌ನದು.

ಕೇಬಲ್ ಕೈಯಲ್ಲಿ ಹಿಡಿದು ನೋಡಿದೆ. ಕನೆಕ್ಟರ್ ಬುಡದಲ್ಲಿ ಚೂಪಾಗಿ ಮಡಚಿದ ಗುರುತು. ಕೇಸಿನ ಬಾಗಿಲು ಮುಚ್ಚುವಾಗ ಒತ್ತಿಕೊಳ್ಳುತ್ತಿತ್ತು ಅಂತ ಕಾಣುತ್ತೆ. ಅಂಗಡಿಗೆ ಹೋಗಿ ಎರಡು ಹೊಸ ಕೇಬಲ್ ತಂದೆ, 300 ರೂಪಾಯಿ. ಹಾಕಿದ ಮೇಲೆ 199 ಅನ್ನೋದು 37ರಲ್ಲೇ ನಿಂತಿತು. ಹೊಸ ರೇಡ್‌ನಲ್ಲಿ ಎರಡು ‘ಯು’ ಇವೆಯಾ ಅಂತ ನೋಡಿಕೊಂಡೆ. ಇದ್ದವು. ‘ಡಿಡಿರೆಸ್ಕ್ಯೂ’ ಬಿಟ್ಟ ಕಡೆಯಿಂದ ಮುಂದುವರಿಯಿತು.

ಸಂಜೆ ಐದರ ಹೊತ್ತಿಗೆ ಮೊದಲ ಸುತ್ತು ಮುಗಿದಾಗ ಉಳಿದದ್ದು 100 ಕೆಬಿಯಷ್ಟು. ಎರಡನೇ ಸುತ್ತಿನಲ್ಲಿ ಕೆರೆಯೋಕೆ ಬಿಟ್ಟೆ, ಮೂರು ಸಲ ಮರುಯತ್ನ, ಸೆಕ್ಟರ್ ಅಳತೆ 4,096. ಕೆರೆದಾಗ 12,288 ಬೈಟ್ ಉಳಿಯಿತು. ಮರುಯತ್ನದ ಎರಡನೇ ಸಲಕ್ಕೆ ಒಂದು ಜಾಗ ಕೈಗೆ ಬಂತು. ಕೊನೆಗೆ ಓದಲಾಗದೆ ಉಳಿದದ್ದು ಎರಡು ಜಾಗ, 8,192 ಬೈಟ್.

ಅದೇ ರಾತ್ರಿ: ಹೋದದ್ದು ಏನು?

8 ಕೆಬಿ ತಾನೆ ಅಂತ ಬಿಡಬಹುದಿತ್ತು. ಆದರೆ ಯಾರ ಮನೆಯ ಯಾವ ಫೋಟೋ ಅದು ಅಂತ ತಿಳಿಯದೆ ಒಪ್ಪಿಸೋಕೆ ಮನಸ್ಸಾಗಲಿಲ್ಲ. ಮ್ಯಾಪ್ ಫೈಲ್‌ನಿಂದ ಕೆಟ್ಟ ಬ್ಲಾಕ್ ನಂಬರ್ ತೆಗೆದು, ‘ಡಿಬಗ್‌ಎಫ್‌ಎಸ್’ನಲ್ಲಿ ‘ಐಚೆಕ್’ಗೆ ಕೊಟ್ಟೆ. ಅದು ಬ್ಲಾಕ್ ಯಾವ ಐನೋಡ್‌ಗೆ (ಫೈಲ್ ಸಿಸ್ಟಂ ಒಳಗೆ ಫೈಲಿಗಿರುವ ನಂಬರು) ಸೇರಿದ್ದು ಅಂತ ಹೇಳುತ್ತೆ. ಒಂದಕ್ಕೆ ಉತ್ತರ, ಅಂಥ ಬ್ಲಾಕ್ ಯಾರ ಹತ್ತಿರವೂ ಇಲ್ಲ. ಖಾಲಿ ಜಾಗ, ಪುಣ್ಯ. ಇನ್ನೊಂದಕ್ಕೆ ಐನೋಡ್ ಸಿಕ್ಕಿತು. ಅದನ್ನು ‘ಎನ್‌ಚೆಕ್’ಗೆ ಕೊಟ್ಟರೆ ಫೈಲಿನ ಹೆಸರು ಬಂತು. 2019ರ ಒಂದು ನಾಮಕರಣದ ವಿಡಿಯೋ.

ಹಾಕಿ ನೋಡಿದೆವು. ತೊಟ್ಟಿಲು, ಆರತಿ, ಎಲ್ಲ ಚೆನ್ನಾಗೇ ಬಂತು. ಹದಿನಾಲ್ಕನೇ ನಿಮಿಷದಲ್ಲಿ ಅಜ್ಜಿ ಮಗುವಿನ ಕಿವಿ ಹತ್ತಿರ ಬಗ್ಗುತ್ತಾರೆ. ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಹಸಿರು ಚೌಕ. ಒಂದೇ ಕ್ಷಣ, ಆಮೇಲೆ ಸರಿಹೋಗುತ್ತೆ.

"ಇದೊಂದೇ ಸಿಕ್ತಾ ಇದಕ್ಕೆ?" ಅಂದ ಹುಡುಗ.

ನವೆಂಬರ್ 18, ಮಂಗಳವಾರ: ಶೆಲ್ಫ್ ಮೇಲಿನ ಡಿಸ್ಕ್

ಕೇಬಲ್ ಕೆಟ್ಟಿತ್ತು ಅಂದ ಮೇಲೆ ಏಪ್ರಿಲ್‌ನಲ್ಲಿ ಹೊರಗೆ ಬಿದ್ದ ಡಿಸ್ಕ್ ನಿಜವಾಗಿ ಸತ್ತಿತ್ತಾ? ಪೇಪರ್ ಬಿಚ್ಚಿ, ಯುಎಸ್‌ಬಿ ಡಾಕ್‌ಗೆ ಹಾಕಿ ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಸರ್ವರ್‌ಗೆ ಬೇಕಂತಲೇ ಹಾಕಲಿಲ್ಲ. ಒಂದೇ ರೇಡ್‌ನ ಎರಡು ಬೇರೆ ಬೇರೆ ಕಾಲದ ತುಂಡು, ಒಂದೇ ಗುರುತು, ಒಂದೇ ವಾಲ್ಯೂಮ್ ಗ್ರೂಪ್ ಹೆಸರು. ಒಂದೇ ಯಂತ್ರದಲ್ಲಿ ಸೇರಿದರೆ ಯಾವುದನ್ನು ಎತ್ತಿಕೊಳ್ಳುತ್ತೋ ಹೇಳೋಕಾಗಲ್ಲ.

197: 0. 5: 0. 199: 1,846. ಡಿಸ್ಕ್ ಗುಂಡುಕಲ್ಲಿನ ಹಾಗಿತ್ತು. ಆರೋಗ್ಯವಾಗಿದ್ದದ್ದನ್ನು ಶೆಲ್ಫ್‌ಗೆ ಹಾಕಿ, ಕಾಯಿಲೆಯದನ್ನು ನಾಲ್ಕು ದಿನ ಓಡಿಸಿದ್ದೆ.

ಅದರ ಮೇಲಿನ ಡೇಟಾ ಏಳು ತಿಂಗಳು ಹಳೆಯದು ನಿಜ. ಆದರೆ ನನಗೆ ಬೇಕಿದ್ದದ್ದು 2019ರ ಫೈಲ್. ಅದನ್ನು ಏಪ್ರಿಲ್ ಆದ ಮೇಲೆ ಯಾರೂ ಮುಟ್ಟಿಲ್ಲ. ರೇಡ್ ಅನ್ನು ಓದಲಿಕ್ಕೆ ಮಾತ್ರ ಜೋಡಿಸಿ, ಜರ್ನಲ್ (ಫೈಲ್ ಸಿಸ್ಟಂ ಬದಲಾವಣೆಗಳ ದಿನಚರಿ) ಮುಟ್ಟದಂತೆ ಓದಲಿಕ್ಕೆ ಮಾತ್ರ ಮೌಂಟ್ ಮಾಡಿ, ಆ ಒಂದು ವಿಡಿಯೋ ಎತ್ತಿಕೊಂಡೆ. ಹೊಸ ವಾಲ್ಯೂಮ್‌ನಲ್ಲಿದ್ದ ಪ್ರತಿಯ ಜೊತೆ ಬೈಟ್ ಬೈಟ್ ಹೋಲಿಸಿದೆ. ಇಡೀ ಫೈಲ್‌ನಲ್ಲಿ ವ್ಯತ್ಯಾಸ 4,079 ಬೈಟ್, ಎಲ್ಲವೂ ಒಂದೇ ಬ್ಲಾಕ್‌ನೊಳಗೆ. ನಮ್ಮ ಪ್ರತಿಯಲ್ಲಿ ಅಲ್ಲೆಲ್ಲ ಸೊನ್ನೆ, ಭಾನುವಾರದ ‘ಡಿಡಿ’ ತುಂಬಿದ್ದು. ಉಳಿದ 17 ಬೈಟ್ ಮೂಲದಲ್ಲೂ ಸೊನ್ನೆಯೇ ಇದ್ದಿರಬೇಕು.

ಫೈಲ್ ಬದಲಿಸಿ ಮತ್ತೆ ಹಾಕಿದೆವು. ಅಜ್ಜಿ ಬಗ್ಗಿದರು, ಹೆಸರು ಹೇಳಿದರು, ಮಗು ಕಣ್ಣು ಪಿಳಿಪಿಳಿ ಬಿಟ್ಟಿತು.

ಆಮೇಲೆ ಹೊಸ ವಾಲ್ಯೂಮ್ ಮೇಲೆ ‘ಇ2ಎಫ್‌ಎಸ್‌ಸಿಕೆ’ ಪೂರ್ತಿ ಓಡಿಸಿದೆ, ತಕರಾರಿಲ್ಲ. ಇನ್ನೂ ಒಂದು ಕಡೆ ಕಾಲು ಜಾರಬಹುದಿತ್ತು. ಬ್ಲಾಕ್ ಮಟ್ಟದ ಕಾಪಿಯಲ್ಲಿ ಫೈಲ್ ಸಿಸ್ಟಂನ ಗುರುತಿನ ಸಂಖ್ಯೆಯೂ ಕಾಪಿ ಆಗಿರುತ್ತೆ. ಹಳೆಯ ಡಿಸ್ಕ್ ಒಳಗಿದ್ದಾಗಲೇ ಬೂಟ್ ಮಾಡಿದರೆ ಯಾವುದು ಮೌಂಟ್ ಆಗುತ್ತೋ ಗೊತ್ತಾಗಲ್ಲ. ಅದನ್ನು ಮೊದಲು ಬಿಚ್ಚಿ ಹೊರಗಿಟ್ಟೆ. ಬೂಟ್ ಆದ ಮೇಲೆ ವಾಲ್ಯೂಮ್ ಅನ್ನು 3 ಟಿಬಿಗೆ ಹಿಗ್ಗಿಸಿದೆ.

ರೇಡ್ ಎಚ್ಚರಿಕೆಯ ಮೇಲ್ ಈಗ ನನ್ನ ಫೋನ್‌ಗೂ ಓನರ್ ಫೋನ್‌ಗೂ ಬರುತ್ತೆ. ಪರೀಕ್ಷೆಗೆ ಅಂತ ಒಂದು ಕಳಿಸಿದೆ. ಐದು ನಿಮಿಷಕ್ಕೆ ಓನರ್ ಓಡಿ ಬಂದು, "ಮತ್ತೆ ಏನಾಯ್ತಪ್ಪಾ?" ಅಂದರು.

ಒಟ್ಟು ಖರ್ಚು 21,700 ರೂಪಾಯಿ. ನನ್ನ ಕೂಲಿ ಅಂತ ಅವರು ಕೊಡಲು ಬಂದರು, ಏಪ್ರಿಲ್‌ನಿಂದ ನೋಡದೆ ಬಿಟ್ಟದ್ದಕ್ಕೆ ವಜಾ ಹಾಕಿಕೊಳ್ಳಿ ಅಂದೆ. ಒಬ್ಬಟ್ಟಿನ ಡಬ್ಬಿ ಮಾತ್ರ ತಂದಿದ್ದೇನೆ. 24 ಕೆಟ್ಟ ಸೆಕ್ಟರ್‌ನ ಡಿಸ್ಕ್ ಮೇಲೆ ಮಾರ್ಕರ್‌ನಲ್ಲಿ ದೊಡ್ಡ ಇಂಟು ಹಾಕಿ ಶೆಲ್ಫ್‌ಗೆ ಸೇರಿಸಿದೆ. ಶೆಲ್ಫ್‌ನಲ್ಲಿದ್ದದ್ದು ಈಗ ಹೊಸ ಕೇಬಲ್‌ನಲ್ಲಿ ಬ್ಯಾಕಪ್ ಡಿಸ್ಕ್ ಆಗಿ ಓಡ್ತಿದೆ. 199 ಇನ್ನೂ 1,846ರಲ್ಲೇ ಇದೆ.